ಅಪ್‌ಡೇಟ್: ಕೆಲಸ ಬಿಟ್ಟು ಸ್ನಾತಕೋತ್ತರ ಓದಿಗೆ ಹೊರಡೋ ಮುಂಚಿನ ತಯಾರಿ

ಕೆಲಸ ಬಿಟ್ಟು ಮತ್ತೆ ಓದೋಕೆ ಹೊರಡೋ ಮುಂಚೆ ಏನೇನು ಸರಿಮಾಡಿಕೊಳ್ಳಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ನಿಜಕ್ಕೂ ಕೈಹಿಡಿದದ್ದು ದುಡ್ಡಿನ ತಾಲೀಮು: ಮುಂದೆ ಬರೋ ಸ್ಟೈಪೆಂಡ್ (ಓದುವಾಗ ಸಿಗೋ ತಿಂಗಳ ಹಣ) ಮೊತ್ತದಲ್ಲೇ 2 ತಿಂಗಳು ಬದುಕಿ ನೋಡೋದು, ಉಳಿದ ಸಂಬಳ ಬೇರೆ ಖಾತೆಗೆ. ಮೊದಲ ಸ್ಟೈಪೆಂಡ್ ಸೇರಿದ ದಿನವೇ ಬರಲ್ಲ. ನೋಂದಣಿ, ಬ್ಯಾಂಕ್ ವಿವರ ಮುಗಿಯೋ ಹೊತ್ತಿಗೆ ತಿಂಗಳೇ ದಾಟಬಹುದು. ಬಾಡಿಗೆ, ಮುಂಗಡ, ಶುಲ್ಕ ಮಾತ್ರ ಕಾಯಲ್ಲ. ಹಾಗಾಗಿ 3 ತಿಂಗಳ ಖರ್ಚು ಕೈಯಲ್ಲಿರಲಿ.

ಯಾರೂ ಹೇಳದೆ ಬಿಟ್ಟದ್ದೊಂದು: ಆಫೀಸ್ ಇಮೇಲ್‌ಗೆ, ಆಫೀಸ್ ಸಿಮ್‌ಗೆ ಜೋಡಿಸಿದ ಲಾಗಿನ್‌ಗಳು. ಕೊನೆಯ ದಿನ ಅವು ಬಂದ್ ಆದರೆ ಓಟಿಪಿಯೂ ಇಲ್ಲ, ಪಾಸ್‌ವರ್ಡ್ ಬದಲಿಸೋಕೂ ಆಗಲ್ಲ. ರಾಜೀನಾಮೆಗೆ ಮುಂಚೆಯೇ ಸ್ವಂತ ಇಮೇಲ್, ನಂಬರ್ ಹಾಕಿಬಿಡಿ.

ಕಂಪನಿ ವಿಮೆ ನಿಂತು ಹೊಸದು ಶುರುವಾಗೋ ನಡುವಿನ ದಿನಗಳನ್ನೂ ಎಣಿಸಿ. ಹಲ್ಲು, ಕಣ್ಣಿನ ತಪಾಸಣೆ ಕಂಪನಿ ವಿಮೆ ನಿಲ್ಲೋ ಮೊದಲೇ ಮುಗಿಸಿ.