ಅಪ್‌ಡೇಟ್: ಮೋಟರ್ ಸುಟ್ಟಿರಲಿಲ್ಲ, ಕೇಬಲ್ ಜಾಯಿಂಟ್ ಕೈಕೊಟ್ಟಿತ್ತು

ಹೋದ ವಾರ ಕೇಳಿದ್ದೆನಲ್ಲ, ಬೋರ್‌ವೆಲ್ ಮೋಟರ್ ಆನ್ ಮಾಡಿದ ತಕ್ಷಣ ಸ್ಟಾರ್ಟರ್ ಟ್ರಿಪ್ ಆಗ್ತಿದೆ, ಮೋಟರ್ ಸುಟ್ಟಿದೆಯಾ ಅಂತ. ಸುಟ್ಟಿರಲಿಲ್ಲ. "ಮೊದಲು ಜಾಯಿಂಟ್ ನೋಡಿ" ಅಂದವರಿಗೆ ಥ್ಯಾಂಕ್ಸ್.

ಮೋಟರ್ ಮೇಲೆತ್ತಿಸಿ, ಅದರ ವೈರು ಮೇಲಿಂದ ಬರುವ ಕೇಬಲ್‌ಗೆ ಸೇರುವ ಜಾಯಿಂಟಿನ ಟೇಪ್ ಬಿಚ್ಚಿದರೆ ಒಳಗೆಲ್ಲ ನೀರು, ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಹಿಂದಿನ ಸಲ ಬಂದವನು ಮೂರೂ ವೈರಿನ ಜಾಯಿಂಟನ್ನು ಅಕ್ಕಪಕ್ಕ ಒಂದೇ ಜಾಗದಲ್ಲಿ, ಬತ್ತಿ ಹೊಸೆದ ಹಾಗೆ ಹೊಸೆದು, ಬರೀ ಪಿವಿಸಿ ಟೇಪ್ ಸುತ್ತಿ ಇಳಿಸಿದ್ದ. ಪುಣ್ಯಾತ್ಮ!

ಈ ಸಲ ಪಕ್ಕದಲ್ಲೇ ಕೂತು ಮಾಡಿಸಿದೆ. ಹಾಳಾದ ತಾಮ್ರ ಪೂರ್ತಿ ಕತ್ತರಿಸಿ, ಕೆಂಪು, ಹಳದಿ, ನೀಲಿ ವೈರುಗಳನ್ನು ಒಂದೊಂದು ಅಳತೆಗೆ ಬಿಟ್ಟೆವು. ಜಾಯಿಂಟ್‌ಗಳು ಮೆಟ್ಟಿಲಿನ ಹಾಗೆ ಹಿಂದೆ ಮುಂದೆ ಬರಬೇಕು. ಒಂದೇ ಕಡೆ ಬಂದರೆ ಅಲ್ಲಿ ದಪ್ಪ ಗಂಟಾಗಿ, ಇಳಿಸುವಾಗ ಕೇಸಿಂಗ್‌ಗೆ (ಬೋರಿನ ಒಳಗೋಡೆಗೆ ಹಾಕಿರೋ ಪೈಪಿಗೆ) ಉಜ್ಜತ್ತೆ. ತಾಮ್ರದ ಫೆರೂಲ್ (ಎರಡು ವೈರಿನ ತುದಿ ಸೇರಿಸುವ ಸಣ್ಣ ಕೊಳವೆ) ಹಾಕಿ, ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿದ ಮೇಲೆ ಒಂದೊಂದನ್ನೂ ಜಗ್ಗಿ ನೋಡಿದೆ. ನೀಲಿ ವೈರು ಸಲೀಸಾಗಿ ಕೈಗೆ ಬಂತು! ಮತ್ತೆ ಮಾಡಿಸಿದೆ.

ಆಮೇಲೆ ರಬ್ಬರ್ ಟೇಪ್. ಇದಕ್ಕೆ ಅಂಟು ಇರಲ್ಲ, ಚೆನ್ನಾಗಿ ಎಳೆದು ಸುತ್ತಿದರೆ ಪದರಗಳು ತಾವೇ ಬೆಸೆದುಕೊಂಡು ಒಂದಾಗ್ತವೆ. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. ಅದರ ಮೇಲೆ ಪಿವಿಸಿ ಟೇಪ್.

ಜಾಯಿಂಟನ್ನು ಬಕೆಟ್ ನೀರಲ್ಲಿ ಮುಳುಗಿಸಿಟ್ಟು, 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಗಟ್ಟಿಯಿದೆಯಾ ಅಂತ ಅಳೆಯುವ ಮೀಟರ್) ವೈರಿಗೂ ನೀರಿಗೂ ಮಧ್ಯೆ ಚೆಕ್ ಮಾಡಿ, ರೀಡಿಂಗ್ ಬೀಳದ್ದು ನೋಡಿಕೊಂಡೇ ಇಳಿಸಿದ್ದು. ಐದು ದಿನದಿಂದ ಟ್ರಿಪ್ ಇಲ್ಲ, ಅಡಿಕೆ ತೋಟಕ್ಕೆ ನೀರು ಹೋಗ್ತಿದೆ. ಟೇಪು, ಫೆರೂಲಿಗೆ ಆಗಿದ್ದು ಪುಡಿಗಾಸು. ಪೈಪ್ ಎತ್ತಿಸಿ ಇಳಿಸಿದ್ದಕ್ಕೆ ಜೇಬು ಖಾಲಿ.