ಸಹಾಯ ಬೇಕು: ಉಲ್ಲನ್ ಟೋಪಿಯ ನೆತ್ತಿ ಚೂಪಾಗುತ್ತಿದೆ

ಹೆಣಿಗೆ ಬಲ್ಲವರೇ, ದೆಹಲಿಯಲ್ಲಿ ಓದುತ್ತಿರುವ ತಂಗಿಯ ಮಗನಿಗೆ ಟೋಪಿ ಹೆಣೆಯುತ್ತಿದ್ದೇನೆ (ಮೈಸೂರಿನ ಚಳಿಗೆ ಇಷ್ಟು ದಪ್ಪ ಉಲ್ಲನ್ ಯಾರಿಗೆ ಬೇಕು!). ಒಂದು ಸುತ್ತಿನಲ್ಲಿ 96 ಕುಣಿಕೆ. ಕಿವಿ ಮುಚ್ಚುವವರೆಗೂ ಲಕ್ಷಣವಾಗಿ ಬಂದಿದೆ. ನೆತ್ತಿಗಾಗಿ 8 ಭಾಗ ಮಾಡಿ, ಪ್ರತಿ ಭಾಗದ ಕೊನೆಯ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುತ್ತಿದ್ದೇನೆ. ಒಂದು ಸುತ್ತು ಇಳಿಸುವುದು, ಮುಂದಿನ ಸುತ್ತು ಹಾಗೆಯೇ ಹೆಣೆಯುವುದು. ಕೊನೆಯವರೆಗೂ ಹೀಗೇ ಹೋದರೆ ತುದಿ ಮೊಗ್ಗಿನಂತೆ ಚಾಚಿಕೊಳ್ಳುತ್ತದೆ.

48 ಕುಣಿಕೆ ಉಳಿದಾಗಿನಿಂದ ಪ್ರತಿ ಸುತ್ತಿನಲ್ಲೂ ಇಳಿಸಿದರೆ ದುಂಡಗಾಗುತ್ತದೆಯೇ, ಇಲ್ಲ ಸುಕ್ಕುಗಟ್ಟುತ್ತದೆಯೇ? ಇನ್ನೊಂದು: ಎರಡೂ ತುದಿ ಮೊನೆಯಿರುವ 4 ಮಿಲಿಮೀಟರಿನ ಗಿಡ್ಡ ಕಡ್ಡಿಗಳು ದೇವರಾಜ ಅರಸು ರಸ್ತೆ ಅಥವಾ ಶಿವರಾಂಪೇಟೆ ಕಡೆ ಸಿಗುತ್ತವೆಯೇ? ಕುಣಿಕೆ ಕಡಿಮೆಯಾದಂತೆ ಈಗಿನ ಉದ್ದದ ಕಡ್ಡಿಯಲ್ಲಿ ಎಲ್ಲವೂ ಜಗ್ಗುತ್ತಿವೆ. ಕೊನೆಯ 8 ಕುಣಿಕೆಗಳಲ್ಲಿ ದಾರ ಪೋಣಿಸಿ ಬಿಗಿಯುವುದು ಗೊತ್ತಿದೆ. ವಿಡಿಯೊ ಬೇಡ, ಸುತ್ತಿನ ಲೆಕ್ಕ ಬರೆಯಿರಿ.