ಪದಚರ್ಚೆ: "ಪ್ರೈಮರಿ"ಗೆ ಮತ್ತು "ಪ್ರಿಫರ್ಸ್ ಡೆಮಾಕ್ರಟಿಕ್ ಪಾರ್ಟಿ"ಗೆ ಕನ್ನಡದಲ್ಲಿ ಏನಂತ ಬರೀಬೇಕು?

ಎಲ್ರಿಗೂ ನಮಸ್ಕಾರ,

ತಿಪಟೂರಲ್ಲಿ ನಾವೊಂದು ಹತ್ತು ಹನ್ನೆರಡು ಜನ ಹೆಂಗಸರು ತಿಂಗಳಿಗೊಂದು ಸಲ ಸೇರಿ ಓದ್ತೀವಿ, ಈ ವರ್ಷ ಚುನಾವಣೆಗೆ ನಿಂತ ಹೆಂಗಸರ ಬಗ್ಗೆ ಒಬ್ಬೊಬ್ರು ಒಂದೊಂದು ಬರಹ ಮಾಡ್ಕೊಂಡು ಬರ್ಬೇಕು ಅಂತ ಮಾತಾಗಿದೆ. ನನ್ನ ಪಾಲಿಗೆ ಬಂದೋರು ಪ್ರಮೀಳಾ ಜಯಪಾಲ್. ಹುಟ್ಟಿದ್ದು ಚೆನ್ನೈಲಿ, ಮಲಯಾಳಿ ಮನೆತನ, 1982ರಲ್ಲಿ 16 ವರ್ಷಕ್ಕೇ ಓದೋಕೆ ಅಮೆರಿಕಕ್ಕೆ ಹೋದೋರು, 2014ರಲ್ಲಿ ವಾಷಿಂಗ್ಟನ್ ರಾಜ್ಯದ (ರಾಜಧಾನಿ ವಾಷಿಂಗ್ಟನ್ ಅಲ್ಲ, ಸಿಯಾಟಲ್ ಇರೋ ರಾಜ್ಯ) ಸೆನೆಟ್ಟಿಗೆ, ಅಂದ್ರೆ ಆ ರಾಜ್ಯದ ಮೇಲ್ಮನೆಗೆ ನಿಂತು ಗೆದ್ರು, 2016ರಲ್ಲಿ ಸಿಯಾಟಲ್ ಕಡೆಯಿಂದ ದೇಶದ ಕೆಳಮನೆಗೆ ನಿಂತು ಗೆದ್ರು. ಆ ಮನೆಗೆ ಆರಿಸಿ ಹೋದ ಮೊದಲ ಭಾರತೀಯ ಮೂಲದ ಹೆಂಗಸು ಅವರೇ. ಎರಡು ಸಲ ನಿಂತ ಕತೆ, ಒಂದೂವರೆ ಪುಟದಲ್ಲಿ ಮುಗಿಯುತ್ತೆ ಅಂದ್ಕೊಂಡಿದ್ದೆ, ಬರೆಯೋಕೆ ಕೂತ್ಮೇಲೆ ಸಾಲಿಗೊಂದು ಪದ ಕಾಲಿಗೆ ಸಿಕ್ಕಾಕ್ಕೊಳ್ತಿದೆ.

ಕರಡನ್ನ ಮೊದಲು ನಮ್ಮತ್ತೆಗೆ ಓದಿ ಹೇಳ್ದೆ. ಅವರು ಒಂದು ಓಟೂ ತಪ್ಪಿಸಿದೋರಲ್ಲ. "2016ರಲ್ಲಿ ಕಾಂಗ್ರೆಸ್ ಸದಸ್ಯೆಯಾದರು" ಅಂತ ಓದ್ತಿದ್ದ ಹಾಗೇ ಕೈ ಅಡ್ಡ ಹಿಡಿದು, "ಅಲ್ಲ ಕಣಮ್ಮ, ಈಗ ತಾನೇ ಡೆಮಾಕ್ರಟಿಕ್ ಪಾರ್ಟಿ ಅಂದ್ಯಲ್ಲ, ಯಾವಾಗ ಪಾರ್ಟಿ ಬದಲಾಯಿಸಿದ್ರು?" ಅಂದ್ರು. ಅವರ ತಪ್ಪೇನಿಲ್ಲ. ಕನ್ನಡ ಪೇಪರ್‌ಗಳಲ್ಲಿ "ಅಮೆರಿಕ ಕಾಂಗ್ರೆಸ್ ಸದಸ್ಯೆ" ಅಂತಾನೇ ಬರೋದು, ನಮ್ಮೂರಲ್ಲಿ ಆ ಮಾತಿಗೆ ಇರೋದು ಒಂದೇ ಅರ್ಥ. ಹಾಗಾಗಿ ಆ ಪದವನ್ನ ಪೂರ್ತಿ ತೆಗೆದು "ಸಂಸದೆ" ಅಂತ ಹಾಕಿದೀನಿ. ಕಾಂಗ್ರೆಸ್ಸಿಗೆ "ಅಮೆರಿಕದ ಸಂಸತ್ತು". ಕೆಳಮನೆಗೆ "ಪ್ರತಿನಿಧಿ ಸಭೆ" ಅಂತ ಬರೆದ್ರೆ ನನಗೆ ತುಂಬ ಹಿತ ಅನ್ಸುತ್ತೆ, ಯಾಕಂದ್ರೆ ಅದು ಎಲ್ಲಿಂದಲೋ ತಂದ ಪದ ಅಲ್ಲ, ರಂಗಾಚಾರ್ಲು ದಿವಾನರಾಗಿದ್ದಾಗ 1881ರಲ್ಲೇ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು, ಆಮೇಲೆ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಮೈಸೂರಿನ ಆ ಮೊದಲ ಸಭೆಗೆ ಅಹವಾಲು ಹೇಳ್ಕೊಳ್ಳೋ ಹಕ್ಕಿತ್ತೇ ಹೊರತು ಕಾನೂನು ಮಾಡೋ ಅಧಿಕಾರ ಇರಲಿಲ್ಲ, ನಿಜ. ಆದ್ರೂ ಪದ ನಮ್ಮದು, ಕಿವಿಗೆ ಪರಿಚಯದ್ದು.

ರಾಜ್ಯ ಸೆನೆಟ್ಟಿಗೆ ಮಾತ್ರ "ವಿಧಾನ ಪರಿಷತ್" ಅಂತ ಬರೀಬೇಡಿ ಅಂತ ಕೇಳ್ಕೋತೀನಿ, ಒಂದೆರಡು ಕಡೆ ಹಾಗೆ ಬರೆದಿದ್ದನ್ನ ನೋಡಿದೆ. ನಮ್ಮ ಪರಿಷತ್ತಿಗೆ ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಯೋರು, ಎಮ್ಮೆಲ್ಲೆಗಳು ಆರಿಸಿ ಕಳಿಸ್ತಾರೆ, ಕೆಲವರು ನಾಮಕರಣ ಆಗಿ ಬರ್ತಾರೆ, ಬೀದಿಲಿ ಹೋಗೋ ಮನುಷ್ಯ ನೇರವಾಗಿ ಓಟು ಹಾಕೋ ಜಾಗ ಅಲ್ಲ ಅದು. ವಾಷಿಂಗ್ಟನ್ನಿನಲ್ಲಿ 49 ಕ್ಷೇತ್ರ, ಒಂದೊಂದು ಕ್ಷೇತ್ರದಿಂದ ಜನ ನೇರವಾಗಿ ಒಬ್ಬ ಸೆನೆಟರನ್ನೂ ಇಬ್ಬರು ಕೆಳಮನೆ ಸದಸ್ಯರನ್ನೂ ಆರಿಸ್ತಾರೆ, ಅಂದ್ರೆ ಒಂದೇ ಊರಿಗೆ ಮೂರು ಜನ ಶಾಸಕರು. ಜಯಪಾಲ್ ನಿಂತಿದ್ದು 37ನೇ ಕ್ಷೇತ್ರದಿಂದ, ಸಿಯಾಟಲ್ಲಿನ ಆಗ್ನೇಯ ಭಾಗ. ಇಲ್ಲಿ "ರಾಜ್ಯ ಸೆನೆಟ್" ಅಂತ ಹಾಗೇ ಬಿಟ್ರೆ ಒಳ್ಳೇದು.

ಈಗ "ರನ್" ವಿಷಯ. ಅಮೆರಿಕದೋರು ಚುನಾವಣೆಗೆ ಓಡ್ತಾರೆ, ನಾವು ನಿಲ್ತೀವಿ, ಇದು ಎಲ್ರಿಗೂ ಗೊತ್ತಿರೋದೇ. "ಸ್ಪರ್ಧಿಸಿದರು" ಅನ್ನೋದು ಪೇಪರ್ ಭಾಷೆ, ಬಾಯಲ್ಲಿ ಬರೋದು "ಎಲೆಕ್ಷನ್ಗೆ ನಿಂತವ್ರೆ". ನನಗೆ ಯೋಚನೆಗೆ ಹತ್ತಿದ್ದು ನಮ್ಮಲ್ಲಿ "ನಿಲ್ಲು" ಜೊತೆಗೆ "ನಿಲ್ಲಿಸು" ಕೂಡ ಇದೆಯಲ್ಲ ಅದು. ಪಾರ್ಟಿ ನಿಲ್ಲಿಸಿದೆ, ಜಾತಿಯೋರು ನಿಲ್ಸಿದಾರೆ, ಓಟು ಒಡೆಯೋಕೆ ಯಾರೋ ನಿಲ್ಸಿದಾರೆ. ಟಿಕೆಟ್ ಕೊಡೋರು ಬೇರೆ, ಬಿ ಫಾರಂ ಕೈಗೆ ಬರೋವರೆಗೂ ಪ್ರಾಣ ಬಾಯಲ್ಲಿ. ವಾಷಿಂಗ್ಟನ್ನಿನಲ್ಲಿ ಬಿ ಫಾರಂ ಅನ್ನೋ ಕಾಗದವೇ ಇಲ್ಲ. ಮೇ ತಿಂಗಳಲ್ಲಿ ಒಂದು ವಾರ ಇರುತ್ತೆ, ನಿಲ್ಬೇಕು ಅನ್ಸಿದೋರು ತಾವೇ ಅರ್ಜಿ ತುಂಬಿ, ಆ ಹುದ್ದೆಯ ವರ್ಷದ ಸಂಬಳದಲ್ಲಿ ನೂರಕ್ಕೆ ಒಂದು ಪಾಲು ಕಟ್ಟಿದ್ರೆ ಮುಗೀತು. ಪ್ರತಿನಿಧಿ ಸಭೆಗಾದ್ರೆ ಅದು 1,740 ಡಾಲರ್. ಇದಕ್ಕೆ ಮೊದಲು "ಠೇವಣಿ" ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕ್ದೆ. ಠೇವಣಿ ಅಂದ್ರೆ ವಾಪಸ್ ಬರೋ ದುಡ್ಡು, ಆರರಲ್ಲೊಂದು ಪಾಲಿಗಿಂತ ಹೆಚ್ಚು ಓಟು ಬಂದ್ರೆ ನಮ್ಮಲ್ಲಿ ಕೊಡ್ತಾರೆ, ಬರದಿದ್ರೆ "ಠೇವಣಿ ಕಳ್ಕೊಂಡ" ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಅಲ್ಲಿ ಕಟ್ಟಿದ್ದು ಹೋದ ಹಾಗೇನೇ, ಗೆದ್ರೂ ಅಷ್ಟೇ ಸೋತ್ರೂ ಅಷ್ಟೇ. ಅದು ಶುಲ್ಕ.

ಹಾಗಾಗಿ ಜಯಪಾಲ್‌ಗೆ "ಅಭ್ಯರ್ಥಿ"ಗಿಂತ ಹಳೇ "ಉಮೇದುವಾರ" ಅನ್ನೋ ಪದ ಹೆಚ್ಚು ಒಪ್ಪುತ್ತಾ ಅಂತ ನನ್ನ ಮನಸ್ಸಲ್ಲಿದೆ. ಅಭ್ಯರ್ಥಿ ಅಂದ್ರೆ ಬೇಡೋನು, ಕೇಳ್ಕೊಳ್ಳೋನು. ಉಮೇದು ಅಂದ್ರೆ ಪಾರ್ಸಿಲಿ ಆಸೆ, ಭರವಸೆ, ಕನ್ನಡಕ್ಕೆ ಬಂದ್ಮೇಲೆ ಹುರುಪು ಅಂತಾನೂ ಆಯ್ತು, "ಅವಳಿಗೆ ಭಾರಿ ಉಮೇದು" ಅಂತೀವಲ್ಲ. ಯಾರೂ ನಿಲ್ಲಿಸದೆ ತಾನೇ ಉಮೇದಿಂದ ನಿಂತೋರು ಉಮೇದುವಾರರು. ಉಮೇದುವಾರಿಕೆ ಅನ್ನೋದು ಪೇಪರ್‌ಗಳಲ್ಲಿ ಇನ್ನೂ ಉಳ್ಕೊಂಡಿದೆ, ಉತ್ತರ ಕರ್ನಾಟಕದೋರು ಮಾತಲ್ಲಿ ಉಮೇದುವಾರ ಅಂತ ಇನ್ನೂ ಅಂತಾರಾ ಅಂತ ಅಲ್ಲಿನೋರು ಹೇಳ್ಬೇಕು. ಹೆಂಗಸಿಗೆ ಉಮೇದುವಾರ್ತಿ ಅನ್ನೋದು ನನಗ್ಯಾಕೋ ಸರಿ ಬರ್ತಿಲ್ಲ. "ಹುರಿಯಾಳು" ತಲೆಬರಹಕ್ಕೆ ಚೆನ್ನ, ಬರಹದ ಒಳಗೆ ಬೇಡ.

ಈಗ ನಿಜವಾಗ್ಲೂ ಸಿಕ್ಕಾಕ್ಕೊಂಡಿರೋ ಜಾಗ. ವಾಷಿಂಗ್ಟನ್ನಿನ ಮತಪತ್ರದಲ್ಲಿ ಚಿಹ್ನೆ ಇರೋಲ್ಲ, ಹೆಸರಿನ ಕೆಳಗೆ "ಪ್ರಿಫರ್ಸ್ ಡೆಮಾಕ್ರಟಿಕ್ ಪಾರ್ಟಿ" ಅಂತ ಇರುತ್ತೆ. ಆ ಪಕ್ಷ ಇವರನ್ನ ಆರಿಸಿದೆ ಅಂತಲ್ಲ, ಇವರನ್ನ ಪಕ್ಷ ಒಪ್ಪಿದೆ ಅಂತಾನೂ ಅಲ್ಲ, ಇವರಿಗೆ ಆ ಪಕ್ಷ ಇಷ್ಟ, ಅಷ್ಟೇ. ಹಾಗಂತ ಬಿಡಿಸಿಯೂ ಹೇಳ್ತಾರೆ. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಪದ್ಧತಿನ ಎತ್ತಿ ಹಿಡಿದಾಗ ವಾದ ಇದ್ದಿದ್ದೇ ಇದರ ಮೇಲೆ, ನಮ್ಮ ಹೆಸರನ್ನ ಯಾರು ಬೇಕಾದ್ರೂ ಹಾಕ್ಕೊಂಡ್ರೆ ಹೇಗೆ ಅಂತ ಪಕ್ಷಗಳು ಜಗಳಕ್ಕೆ ಬಿದ್ದಿದ್ವು. ಇದನ್ನ "ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ" ಅಂತ ಬರೆದ್ರೆ ಕೋರ್ಟು ಯಾವ ಸೂಕ್ಷ್ಮದ ಮೇಲೆ ನಿಂತಿತ್ತೋ ಅದನ್ನೇ ಅಳಿಸಿ ಹಾಕಿದ ಹಾಗೆ. "ಡೆಮಾಕ್ರಟಿಕ್ ಪಕ್ಷಕ್ಕೆ ಆದ್ಯತೆ ನೀಡುವವರು" ಅಂದ್ರೆ ರೇಷನ್ ಕಾರ್ಡ್ ನೆನಪಾಗುತ್ತೆ. "ಒಲವುಳ್ಳವರು" ಪರವಾಗಿಲ್ಲ. ನನ್ನ ಮನಸ್ಸು ಹೋಗ್ತಿರೋದು "ಡೆಮಾಕ್ರಟಿಕ್ ಕಡೆಯವರು" ಅನ್ನೋದರ ಮೇಲೆ. "ನೀನು ಯಾರ ಕಡೆ?" ಅಂತ ಕೇಳಿದಾಗ ಸದಸ್ಯತ್ವದ ಚೀಟಿ ಯಾರೂ ತೋರಿಸೋಲ್ಲ, ಕಡೆ ಅನ್ನೋದು ಮನಸ್ಸಿನದು. ಆದ್ರೆ "ಹೆಣ್ಣಿನ ಕಡೆಯೋರು ಗಂಡಿನ ಕಡೆಯೋರು" ಅನ್ನೋದೂ ಇದೆ, ಅಲ್ಲಿ ಕಡೆ ಅಂದ್ರೆ ಬಿಡಿಸಿಕೊಳ್ಳೋಕಾಗದ ನೆಂಟಸ್ತಿಕೆ. ಹಾಗಾದ್ರೆ ಮತ್ತೆ ಅರ್ಥ ಗಟ್ಟಿ ಆಗಿಬಿಡುತ್ತಾ? ನೀವೇನಂತೀರಿ.

ಇನ್ನು "ಪ್ರೈಮರಿ", ಅಂದ್ರೆ ನವೆಂಬರಿನ ಮುಖ್ಯ ಚುನಾವಣೆಗೆ ಮುಂಚೆ ಅಮೆರಿಕದಲ್ಲಿ ನಡೆಯೋ ಚುನಾವಣೆ. ಪೇಪರ್‌ಗಳು "ಪ್ರಾಥಮಿಕ ಚುನಾವಣೆ" ಅಂತವೆ. ಅದನ್ನ ಓದಿದ್ರೆ ನಮ್ಮ ಗುಂಪಲ್ಲಿ ಪ್ರಾಥಮಿಕ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಗೆ ಇದ್ಯಾವ್ದೋ ಪಂಚಾಯ್ತಿ ಮಟ್ಟದ ಸಣ್ಣ ಎಲೆಕ್ಷನ್ನು ಅಂದ್ಕೋತಾರೆ, ಖಂಡಿತ. ಅದಕ್ಕಿಂತ ದೊಡ್ಡ ತೊಡಕು ಅಂದ್ರೆ ಆ ಒಂದೇ ಇಂಗ್ಲಿಷ್ ಪದದ ಕೆಳಗೆ ಎರಡು ಬೇರೆ ಬೇರೆ ವ್ಯವಹಾರ ಇವೆ.

ವಾಷಿಂಗ್ಟನ್ನಿನಲ್ಲಿ ಆಗಸ್ಟಲ್ಲಿ ಎಲ್ಲ ಕಡೆಯೋರೂ ಒಂದೇ ಮತಪತ್ರದಲ್ಲಿ ಇರ್ತಾರೆ, ಹೆಚ್ಚು ಓಟು ಬಂದ ಇಬ್ಬರು ನವೆಂಬರಿಗೆ ಉಳ್ಕೋತಾರೆ, ಆ ಇಬ್ಬರೂ ಒಂದೇ ಕಡೆಯೋರಾದ್ರೂ ಸರಿ. 2014ರಲ್ಲಿ ಜಯಪಾಲ್‌ಗೆ ಆಗಸ್ಟಲ್ಲೇ ಅರ್ಧಕ್ಕಿಂತ ಹೆಚ್ಚು ಓಟು ಬಂದಿತ್ತು, ಆದ್ರೂ ನವೆಂಬರಲ್ಲಿ ಮತ್ತೆ ನಿಂತು ಗೆಲ್ಬೇಕಾಯ್ತು, ಎದುರಿಗಿದ್ದವರೂ ಡೆಮಾಕ್ರಟಿಕ್ ಕಡೆಯೋರೇ. 2016ರಲ್ಲಿ ಜಿಮ್ ಮೆಕ್‌ಡರ್ಮಟ್ ಅನ್ನೋ 1989ರಿಂದ ಆ ಸೀಟಲ್ಲಿದ್ದ ಹಿರಿಯರು ಇನ್ನು ಸಾಕು ಅಂದಾಗ ಬಹಳ ಜನ ನಿಂತ್ರು, ಆಗಸ್ಟಲ್ಲಿ ಜಯಪಾಲ್‌ಗೆ ನೂರಕ್ಕೆ 42, ಎರಡನೇ ಜಾಗಕ್ಕೆ ಬಂದ ಬ್ರೇಡಿ ವಾಕಿನ್‌ಶಾಗೆ 21ರ ಹತ್ರ, ಮೂರನೇಯವರಾದ ಜೋ ಮೆಕ್‌ಡರ್ಮಟ್ (ಹಳೇ ಸಂಸದರಿಗೆ ನೆಂಟರೇನಲ್ಲ) ಸ್ವಲ್ಪದರಲ್ಲಿ ಹಿಂದೆ ಬಿದ್ರು. ನವೆಂಬರಲ್ಲಿ ವಾಕಿನ್‌ಶಾ ಎದುರು ನೂರಕ್ಕೆ 56 ಬಂದು ಇವರು ಗೆದ್ರು. ಅವರೂ ಡೆಮಾಕ್ರಟೇ. ಇಲ್ಲಿ "ಎದುರಾಳಿ ಪಕ್ಷ" ಅಂತ ಬರೆಯೋಕೇ ಜಾಗ ಇಲ್ಲ. ಇಂಥ ಪ್ರೈಮರಿಗೆ "ಮೊದಲ ಸುತ್ತು" ಅಂದ್ರೆ ಕಬಡ್ಡಿ ನೋಡೋ ಹುಡುಗರಿಗೂ ತಿಳಿಯುತ್ತೆ.

ಆದ್ರೆ ಪಕ್ಕದ ರಾಜ್ಯ ಆರೆಗಾನ್‌ಗೆ ಹೋಗಿ. ಪ್ರಮೀಳಾ ಅವರ ಅಕ್ಕ ಸುಶೀಲಾ ಜಯಪಾಲ್ ಅಲ್ಲಿ ಪೋರ್ಟ್‌ಲ್ಯಾಂಡ್ ಕಡೆ ಕೌಂಟಿ ಕಮಿಷನರ್ (ನಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯರ ಹಾಗೆ ಜನ ಆರಿಸಿದೋರು) ಆಗಿದ್ದೋರು, 2024ರಲ್ಲಿ ಇದೇ ಪ್ರತಿನಿಧಿ ಸಭೆಗೆ ನಿಂತ್ರು, ಮೇ ತಿಂಗಳ ಪ್ರೈಮರಿಯಲ್ಲಿ ಮ್ಯಾಕ್ಸೀನ್ ಡೆಕ್ಸ್ಟರ್ ಎದುರು ಸೋತ್ರು, ಅಲ್ಲಿಗೆ ಮುಗೀತು. ಆರೆಗಾನ್‌ದು ಪಕ್ಷದ ಒಳಗಿನ ಆಯ್ಕೆ, ಆ ಪಕ್ಷದೋರು ಅಂತ ಹೆಸರು ನೋಂದಾಯಿಸಿದೋರಿಗೆ ಮಾತ್ರ ಓಟು, ಅದರಲ್ಲಿ ಗೆದ್ದೋರು ಪಕ್ಷದ ಹುರಿಯಾಳು. ನಮ್ಮ ಟಿಕೆಟ್ ಹಂಚೋ ಕೆಲಸವನ್ನ ಹೈಕಮಾಂಡ್ ಕೈಯಿಂದ ಕಿತ್ತು ಮತದಾರರ ಕೈಗೆ ಕೊಟ್ಟ ಹಾಗೆ. ಇದು ಮೊದಲ ಸುತ್ತು ಅಲ್ಲವೇ ಅಲ್ಲ, ಇದು "ಟಿಕೆಟ್ ಚುನಾವಣೆ". ಅಕ್ಕ ತಂಗಿ ಇಬ್ಬರೂ ಪ್ರೈಮರಿಗೆ ನಿಂತ್ರು ಅಂತ ಇಂಗ್ಲಿಷಲ್ಲಿ ಒಂದೇ ಸಾಲಲ್ಲಿ ಬರೀಬಹುದು, ಕನ್ನಡದಲ್ಲಿ ನಾನು ಎರಡು ಪದ ಹಾಕೋದೇ ಸರಿ ಅಂತೀನಿ, ಓದೋರಿಗೆ ಆಗ ವಿಷಯ ನಿಜವಾಗಿ ಗೊತ್ತಾಗುತ್ತೆ.

ನಮ್ಮತ್ತೆ ಇದನ್ನ ಕೇಳಿ ಒಂದು ಮಾತು ಕೊಟ್ರು. ಚುನಾವಣೆಗೆ ಕಣ ಅಂತೀವಲ್ಲ, ಕಣದಲ್ಲಿ ರಾಗಿ ಒಕ್ಕಿದ ಮೇಲೆ ತೂರೋದಿಲ್ವ, ಅದೇ ಇದು, "ತೂರೋ ಎಲೆಕ್ಷನ್ನು" ಅಂತ. ಎಷ್ಟು ಚೆಂದ ಇದೆ! ಎರಡು ದಿನ ಅದನ್ನೇ ಬರೆದಿಟ್ಕೊಂಡಿದ್ದೆ. ಆಮೇಲೆ ಅನ್ನಿಸ್ತು, ತೂರಿದಾಗ ಗಾಳಿಗೆ ಹೋಗೋದು ಹೊಟ್ಟು, ಜಳ್ಳು. ಮನೆಮನೆ ಬಾಗಿಲು ತಟ್ಟಿ ಸೋತ ಮನುಷ್ಯರನ್ನ, ಸುಶೀಲಾ ಅವರನ್ನೂ ಸೇರಿಸಿ, ಜಳ್ಳು ಅಂದ ಹಾಗಾಗುತ್ತೆ. ಅದು ನ್ಯಾಯ ಅಲ್ಲ ಅಂತ ಬಿಟ್ಟೆ.

ಸಣ್ಣ ಸಣ್ಣವು ಇನ್ನೂ ಇವೆ. ವಾಷಿಂಗ್ಟನ್ನಿನಲ್ಲಿ ಮತಗಟ್ಟೆ ಇಲ್ಲ, ಮತಪತ್ರ ಅಂಚೆಲಿ ಮನೆಗೆ ಬರುತ್ತೆ, ಹಾಗಾಗಿ "ಮತಗಟ್ಟೆಗೆ ಬಂದು" ಅನ್ನೋ ನನ್ನ ಚೆಂದದ ಸಾಲು ಹೋಯ್ತು. "ಓಪನ್ ಸೀಟ್"ಗೆ "ತೆರವಾದ ಸ್ಥಾನ" ಅಂದ್ರೆ ಉಪಚುನಾವಣೆ ಅಂದ್ಕೋತಾರೆ, "ಹಾಲಿ ಸದಸ್ಯರು ನಿಲ್ಲದ ಕ್ಷೇತ್ರ" ಅಂತ ಉದ್ದಕ್ಕೆ ಬರೆದಿದೀನಿ. ಆಗ ಅಧ್ಯಕ್ಷ ಪದವಿಗೆ ಪ್ರಯತ್ನ ಮಾಡ್ತಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ 2016ರ ಏಪ್ರಿಲಲ್ಲಿ ಜಯಪಾಲ್ ಪರ ನಿಂತು ಚಂದಾ ಕೇಳಿದ್ದಕ್ಕೆ (ಇಂಗ್ಲಿಷಲ್ಲಿ "ಎಂಡಾರ್ಸ್‌ಮೆಂಟ್") "ಅನುಮೋದನೆ" ಬೇಡ, "ಬೆಂಬಲ" ಸಾಕು.

ಕೊನೇದು "ಪ್ರೊಗ್ರೆಸಿವ್". "ಪ್ರಗತಿಶೀಲ" ಅಂತ ಬರೆದ್ರೆ ಅನಕೃ ಕಾಲದ ಸಾಹಿತ್ಯ ಚಳವಳಿ ಎದುರಿಗೆ ಬಂದು ನಿಲ್ಲುತ್ತೆ. "ಪ್ರಗತಿಪರ" ಅಂದ್ರೆ ತಿಪಟೂರಲ್ಲಿ ಮೊದಲು ನೆನಪಾಗೋದು ಪ್ರಗತಿಪರ ರೈತ, ತೆಂಗಿನ ತೋಟಕ್ಕೆ ಡ್ರಿಪ್ ಹಾಕ್ಸಿದೋರು, ಆಮೇಲೆ ತಾಲ್ಲೂಕು ಆಫೀಸ್ ಮುಂದೆ ಧರಣಿ ಕೂರೋ "ಪ್ರಗತಿಪರ ಸಂಘಟನೆಗಳು". ಎರಡನೇ ಅರ್ಥ ನನಗೆ ಬೇಕಾದ್ದಕ್ಕೆ ಬಹಳ ಹತ್ರ. 2001ರ ಸೆಪ್ಟೆಂಬರ್ ದಾಳಿ ಆದ್ಮೇಲೆ ಮುಸ್ಲಿಮರು, ಸಿಖ್ಖರು, ಅರಬರ ಮೇಲೆ ಹಲ್ಲೆ ಶುರುವಾದಾಗ ಸಿಯಾಟಲ್ಲಲ್ಲಿ ಅವರ ಪರ ಸಂಘಟನೆ ಕಟ್ಟಿದೋರು ಈ ಪ್ರಮೀಳಾ, 2014ರಲ್ಲಿ ಆ ಊರು ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ತಂದಾಗ ಮೇಯರ್ ಮಾಡಿದ ಸಮಿತಿಲಿ ಇದ್ದೋರು, 2019ರಲ್ಲಿ ಎಲ್ರಿಗೂ ಸರ್ಕಾರಿ ಆರೋಗ್ಯ ವಿಮೆ ಕೊಡೋ ಮಸೂದೆನ ಕೆಳಮನೆಲಿ ಮಂಡಿಸಿದೋರು, 2021ರಿಂದ 2025ರ ಶುರುವರೆಗೆ ಪ್ರೊಗ್ರೆಸಿವ್ ಸಂಸದರ ಕೂಟಕ್ಕೆ ಅಧ್ಯಕ್ಷೆ ಆಗಿದ್ದೋರು. ಧರಣಿಲಿ ಕೂತು ಬಂದೋರು ಸದನದಲ್ಲಿ ಕೂತಿದ್ದು. "ಎಡಪಂಥೀಯ" ಅಂದ್ರೆ ಇಲ್ಲಿ ಕೆಂಬಾವುಟ ಬಂದ್ಬಿಡುತ್ತೆ, "ಉದಾರವಾದಿ" ಅಂದ್ರೆ ಲಿಬರಲ್, ಅದು ಬೇರೆ. "ಜನಪರ" ಅನ್ನೋದು ನನಗೆ ಪ್ರಾಣ, ಆದ್ರೆ ಎಲ್ಲ ಪಾರ್ಟಿಯೋರ ಫ್ಲೆಕ್ಸಲ್ಲೂ ಇದೆ. ಹಾಗಾಗಿ ಪ್ರಗತಿಪರ ಅಂತಾನೇ ಇಟ್ಟು, ಮೊದಲ ಸಲ ಬಂದಾಗ ಅಲ್ಲಿನ ಅರ್ಥ ಏನು ಅಂತ ಈ ಮೇಲಿನ ಕೆಲಸಗಳನ್ನೇ ಹೇಳಿ ಬಿಡಿಸಿದೀನಿ. ಇದರಲ್ಲಿ ನನಗೆ ಅನುಮಾನ ಇಲ್ಲ.

ಅನುಮಾನ ಇರೋದು ಎರಡೇ, "ಕಡೆಯವರು" ಮತ್ತು "ಮೊದಲ ಸುತ್ತು / ಟಿಕೆಟ್ ಚುನಾವಣೆ". ಸಿಯಾಟಲ್, ಬೆಲ್‌ವ್ಯೂ ಕಡೆ ಇರೋ ಕನ್ನಡದೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಸಾಲು ಬರೀರಿ, ಆಗಸ್ಟಲ್ಲಿ ಆ ಲಕೋಟೆ ಮನೆಗೆ ಬಂದಾಗ ಊಟದ ಮೇಜಿನ ಹತ್ರ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡ್ಕೋತಾ ಅದಕ್ಕೆ ಏನಂತೀರಿ? ಬರೀ "ಪ್ರೈಮರಿ ಬ್ಯಾಲೆಟ್ ಬಂತು" ಅಂತಾನಾ, ಇಲ್ಲ ಬೇರೆ ಏನಾದ್ರೂ ಮಾತು ಹುಟ್ಕೊಂಡಿದ್ಯಾ? ನಮ್ಮ ಓದು ಇದೇ ತಿಂಗಳ ಕೊನೇ ಭಾನುವಾರ, ಅಷ್ಟರೊಳಗೆ ಗೊತ್ತಾದ್ರೆ ಕರಡು ತಿದ್ಕೋತೀನಿ.